ಹಿತ್ತಲಿನ ಹಳೆಯ ಹೂಗಳನ್ನು ಮತ್ತೆ ಬೆಳೆಸುವ ಬಗೆ

ಸಂಜೆಮಲ್ಲಿಗೆ, ಗೌರಿಹೂವು, ಕನಕಾಂಬರ, ಸ್ಫಟಿಕ, ಡೇರೆ (ಡೇಲಿಯಾ) ಇವೆಲ್ಲ ಒಂದು ಕಾಲಕ್ಕೆ ಹಣ ಕೊಟ್ಟು ತಂದ ಗಿಡಗಳಾಗಿರಲಿಲ್ಲ. ನೆಂಟರ ಮನೆಯಿಂದ ಹೊರಡುವಾಗ ಸೆರಗಿನ ತುದಿಗೆ ಕಟ್ಟಿಕೊಂಡ ನಾಲ್ಕು ಬೀಜ, ಬಾಳೆಎಲೆಯಲ್ಲಿ ಸುತ್ತಿಕೊಂಡ ಒಂದು ಕಡ್ಡಿ, ಮಣ್ಣು ಹತ್ತಿದ ಒಂದು ಗೆಡ್ಡೆ, ಇಷ್ಟರಿಂದಲೇ ಹಿತ್ತಲು ತುಂಬುತ್ತಿತ್ತು. ಈಗಲೂ ಇವನ್ನು ಪಡೆಯಲು ನೆಚ್ಚಬಹುದಾದ ದಾರಿ ಅದೇ. ನರ್ಸರಿಗಳಲ್ಲಿ ಸಿಗುವ ಸಂಕರ ತಳಿಗಳ ಬೀಜ ಎತ್ತಿಟ್ಟರೆ ಮರುವರ್ಷ ಅದೇ ಹೂವು ಬರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಊರಿನ ಹಳೆಯ ಮನೆಯೊಂದರ ಹಿತ್ತಲನ್ನು ಹುಡುಕುವುದೇ ಮೊದಲ ಹೆಜ್ಜೆಯಾಗಬೇಕು.

ಕೇಳುವುದಕ್ಕೂ ಕಾಲವಿದೆ. ಕಡ್ಡಿಯಿಂದ ಬೆಳೆಯುವ ಗಿಡಗಳನ್ನು ಮಳೆಗಾಲದಲ್ಲಿ, ಗೌರಿಹೂವಿನ ಬೀಜವನ್ನು ಮಳೆ ಹಿಂದೆಗೆಯುವ ಹೊತ್ತಿಗೆ, ಡೇರೆಯ ಗೆಡ್ಡೆಯನ್ನು ಬೇಸಿಗೆಯಲ್ಲಿ ಕೇಳಬೇಕು. ಎಲ್ಲವನ್ನೂ ಒಂದೇ ವರ್ಷ ಹಚ್ಚಿಕೊಂಡರೆ ಯಾವುದಕ್ಕೂ ಸರಿಯಾದ ಆರೈಕೆ ಸಿಗುವುದಿಲ್ಲ. ಮೊದಲ ಮಳೆಗಾಲಕ್ಕೆ ಎರಡು ಮೂರು ಬಗೆ ಸಾಕು.

ಮಣ್ಣಿನ ವಿಚಾರದಲ್ಲಿ ಇವು ಹೆಚ್ಚು ಬೇಡುವ ಗಿಡಗಳಲ್ಲ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಸೇರಿಸಿದ ಮಿಶ್ರಣ ಐದಕ್ಕೂ ಒಗ್ಗುತ್ತದೆ. ಹಸಿ ಸಗಣಿಯನ್ನು ಬುಡಕ್ಕೆ ಹಾಕಬಾರದು, ಬೇರು ಸುಡುತ್ತದೆ. ನೀರು ನಿಲ್ಲದಂತೆ ನೋಡಿಕೊಳ್ಳುವುದು ಗೊಬ್ಬರಕ್ಕಿಂತ ಮುಖ್ಯ.

ಹೊಸದಾಗಿ ಆರಂಭಿಸುವವರಿಗೆ ಸಂಜೆಮಲ್ಲಿಗೆಯೇ ಸೂಕ್ತ. ಕಾಳುಮೆಣಸನ್ನು ಹೋಲುವ ಅದರ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ, ಅರ್ಧ ಅಂಗುಲ ಆಳದಲ್ಲಿ, ಒಂದೂವರೆ ಅಡಿ ಅಂತರದಲ್ಲಿ ಊರಿದರೆ ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಕೆಂಪು ಮತ್ತು ಬಿಳಿ ಹೂವಿನ ಗಿಡಗಳು ಅಕ್ಕಪಕ್ಕದಲ್ಲಿದ್ದು ಪರಾಗ ಬೆರೆತರೆ ಮುಂದಿನ ಪೀಳಿಗೆಯಲ್ಲಿ ಗುಲಾಬಿ ಬಣ್ಣ ಬರುವುದರಿಂದ, ಒಂದೇ ಬಣ್ಣ ಉಳಿಯಬೇಕೆನ್ನುವವರು ಆ ಗಿಡವನ್ನು ದೂರದಲ್ಲಿ ಬೆಳೆಸಬೇಕು. ಎಲೆಯ ಮೇಲೆ ಬಿಳಿ ಮಚ್ಚೆಯಿರುವ ಬಗೆಯ ರೀತಿಯೇ ಬೇರೆ: ಮಚ್ಚೆಯ ಗುಣ ಪರಾಗದಿಂದ ಬರುವುದಿಲ್ಲ, ಬೀಜ ಕಟ್ಟಿದ ತಾಯಿ ರೆಂಬೆಯಿಂದಲೇ ಬರುತ್ತದೆಂದು ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ 1909ರಲ್ಲಿ ಇದೇ ಗಿಡದಲ್ಲಿ ತೋರಿಸಿಕೊಟ್ಟರು. ಅಂಥ ಗಿಡ ಬೇಕಾದವರು ಮಚ್ಚೆಯೆಲೆಯ ರೆಂಬೆಯ ಬೀಜವನ್ನೇ ಆಯ್ದುಕೊಳ್ಳಬೇಕು. ಇದರ ಬೀಜ ಮತ್ತು ಬೇರು ವಿಷಕಾರಿಯಾದುದರಿಂದ ಚಿಕ್ಕ ಮಕ್ಕಳಿರುವ ಮನೆಯವರು ಎಚ್ಚರವಾಗಿರಬೇಕು.

ಹಲವೆಡೆ ಕರ್ಣಕುಂಡಲವೆಂದೂ ಕರೆಯುವ ಗೌರಿಹೂವಿನ ಬೀಜವನ್ನು ಜೂನ್ ತಿಂಗಳಲ್ಲಿ ಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಮುಚ್ಚಿದರೆ ಸಾಕು. ಕಾಯಿ ಬಲಿತು ಹಳದಿಗೆ ತಿರುಗಿದಾಗ ಮುಷ್ಟಿಯೊಳಗೆ ಹಿಡಿದೇ ಕೀಳಬೇಕು, ಇಲ್ಲವಾದರೆ ಮುಟ್ಟಿದೊಡನೆ ಸಿಡಿದು ಬೀಜ ಚದುರಿಹೋಗುತ್ತದೆ.

ಕನಕಾಂಬರಕ್ಕೆ, ಅಂದರೆ ಕರಾವಳಿಯವರ ಅಬ್ಬಲಿಗೆಗೆ, ಇನ್ನಷ್ಟು ಗಮನ ಬೇಕು. ಒಣಗಿದ ತೆನೆಗೆ ನೀರು ತಾಗಿದೊಡನೆ ಕಾಯಿ ಒಡೆದು ಬೀಜ ದೂರ ಹಾರುತ್ತದೆ. ಆದ್ದರಿಂದ ತೆನೆ ಕಂದು ಬಣ್ಣಕ್ಕೆ ಬಂದ ಕೂಡಲೇ, ಮಳೆ ಬೀಳುವ ಮೊದಲು, ಕತ್ತರಿಸಿ ಕಾಗದದ ಚೀಲದಲ್ಲಿಡಬೇಕು. ಈ ಬೀಜ ಬಹುಕಾಲ ಮೊಳೆಯುವ ಶಕ್ತಿ ಉಳಿಸಿಕೊಳ್ಳದು. ಹೊಸದಾಗಿರುವಾಗಲೇ ಬಿತ್ತುವುದು ಲೇಸು. ಡೆಲ್ಲಿ ಕನಕಾಂಬರವೆಂಬ ಕಡುಕೇಸರಿ ಬಗೆ ಬೀಜ ಕಟ್ಟುವುದಿಲ್ಲವಾದ್ದರಿಂದ ನಾಲ್ಕು ಅಂಗುಲದ ಎಳೆಯ ಕಡ್ಡಿಯನ್ನು ನೆರಳಿನಲ್ಲಿ ಮರಳು ಬೆರೆತ ಮಣ್ಣಿಗೆ ಚುಚ್ಚಿ ಬೇರು ಬರಿಸಬೇಕು. ಹೂವು ತೆನೆಯ ಬುಡದಿಂದ ಮೇಲಕ್ಕೆ ಸಾಲಾಗಿ ಅರಳುತ್ತದೆ. ಬಿಡಿಸುವಾಗ ತೆನೆಗೆ ಪೆಟ್ಟಾಗದಂತೆ ಎಸಳನ್ನು ಮಾತ್ರ ಮೆಲ್ಲನೆ ಎಳೆದು, ಹೂವು ಮುಗಿದ ತೆನೆಯನ್ನು ಬೀಜಕ್ಕೆ ಬೇಡವಾದರೆ ಕತ್ತರಿಸಿದರೆ ಪಕ್ಕದಲ್ಲಿ ಹೊಸ ತೆನೆ ಹೊರಡುತ್ತದೆ. ನೀರು ಗೊಬ್ಬರ ಎರಡೂ ಇದ್ದು ಗಿಡ ಹಳದಿಯಾಗಿ ಸೊರಗಿದರೆ ಬೇರನ್ನು ಪರೀಕ್ಷಿಸಬೇಕು. ಬೇರಿನಲ್ಲಿ ಗಂಟುಗಳು ಕಂಡರೆ ಅದು ಜಂತುಹುಳುವಿನ ಕಾಟ. ಆ ಗಿಡವನ್ನು ಕಿತ್ತು ಸುಟ್ಟು, ಜಾಗದಲ್ಲಿ ಒಂದು ಕಾಲ ಚೆಂಡುಹೂವು ಬೆಳೆದು, ಬೇವಿನ ಹಿಂಡಿ ಬೆರೆಸಿದ ಬಳಿಕವೇ ಮತ್ತೆ ಕನಕಾಂಬರ ನೆಡಬೇಕು.

ಗೋರಂಟೆಯೆಂದೂ ಹೆಸರಿರುವ ಸ್ಫಟಿಕವನ್ನು ಮಳೆಗಾಲದಲ್ಲಿ ಬೇಲಿಯುದ್ದಕ್ಕೂ ಕಡ್ಡಿ ಊರಿ ಬೆಳೆಸಬಹುದು. ಚಳಿ ಬೀಳುವ ಹೊತ್ತಿಗೆ ನೇರಳೆ, ಬಿಳಿ ಹೂವು ಬಿಡುತ್ತದೆ. ಹೂವಿನ ಕಾಲ ಮುಗಿದ ಮೇಲೆ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿದರೆ ಹೊಸ ಚಿಗುರು ಒತ್ತಾಗಿ ಬರುತ್ತದೆ.

ಸಾಗರ, ತೀರ್ಥಹಳ್ಳಿ, ಕೊಪ್ಪ, ಶಿರಸಿಯ ಕಡೆ ಮಳೆಗಾಲದ ಅಂಗಳವೆಂದರೆ ಡೇರೆ. ಮೆಕ್ಸಿಕೊ ಮೂಲದ ಈ ಗಿಡ ಮಲೆನಾಡಿನ ತಂಪಿಗೆ ಒಗ್ಗಿಕೊಂಡಷ್ಟು ಬಯಲುಸೀಮೆಯ ಬಿಸಿಲಿಗೆ ಒಗ್ಗುವುದಿಲ್ಲ. ಬೆಂಗಳೂರು, ಮೈಸೂರಿನವರು ಮಧ್ಯಾಹ್ನದ ಬಿಸಿಲು ತಪ್ಪುವ ಜಾಗದಲ್ಲಿಟ್ಟರೆ ಹೂವು ಕಾಣಬಹುದು. ಗೆಡ್ಡೆ ಪಡೆಯುವಾಗ ನೋಡಬೇಕಾದುದು ಗಾತ್ರವನ್ನಲ್ಲ, ಹಳೆಯ ಕಾಂಡಕ್ಕೆ ಅಂಟಿದ ಕುತ್ತಿಗೆಯ ಭಾಗದಲ್ಲಿ ಕಣ್ಣಿದೆಯೇ ಎಂಬುದನ್ನು. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಮೇ ಕೊನೆಯಲ್ಲಿ, ಹನ್ನೆರಡು ಅಂಗುಲದ ಕುಂಡದಲ್ಲಿ, ಕಣ್ಣು ಮೇಲ್ಮುಖವಾಗುವಂತೆ ನಾಲ್ಕು ಅಂಗುಲ ಆಳಕ್ಕೆ ನೆಟ್ಟು, ಆಗಲೇ ಆಧಾರದ ಕೋಲನ್ನೂ ಹುಗಿಯಬೇಕು. ತಡವಾಗಿ ಚುಚ್ಚಿದ ಕೋಲು ಗೆಡ್ಡೆಯನ್ನೇ ಸೀಳೀತು. ಚಿಗುರು ಕಾಣುವವರೆಗೆ ನೀರು ಮಿತವಾಗಿರಲಿ.

ಜಡಿಮಳೆ ಹಿಡಿದಾಗ ಕುಂಡವನ್ನು ಕಲ್ಲುಗಳ ಮೇಲೆ ಏರಿಸಿ, ಸೂರಿನ ನೀರು ನೇರವಾಗಿ ಬೀಳದೆ ಬೆಳಕು ಮಾತ್ರ ಸಿಗುವ ಕಡೆ ಇಡಬೇಕು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲು ಹೆಚ್ಚುತ್ತದೆ, ಚಿವುಟಿದ ತುದಿಯನ್ನು ಮರಳಿನಲ್ಲಿ ಊರಿದರೆ ಇನ್ನೊಂದು ಗಿಡವೂ ಆಗುತ್ತದೆ. ದೊಡ್ಡ ಹೂವು ಬೇಕಾದರೆ ಪ್ರತಿ ಕವಲಿನ ನಡುಮೊಗ್ಗನ್ನು ಉಳಿಸಿ ಅಕ್ಕಪಕ್ಕದ ಎರಡನ್ನು ತೆಗೆಯಬೇಕು. ಎಲೆ ತಿನ್ನುವ ಬಸವನಹುಳುಗಳನ್ನು ರಾತ್ರಿ ದೀಪ ಹಿಡಿದು ಆರಿಸುವುದಕ್ಕಿಂತ ಒಳ್ಳೆಯ ಉಪಾಯ ಮನೆಯಂಗಳಕ್ಕೆ ಬೇಕಿಲ್ಲ.

ಹೂವು ಮುಗಿದು ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಕಾಂಡವನ್ನು ನಾಲ್ಕು ಅಂಗುಲ ಬಿಟ್ಟು ಕತ್ತರಿಸಿ, ಗೊಂಚಲನ್ನು ಕುತ್ತಿಗೆ ಮುರಿಯದಂತೆ ಅಗೆದು ನೆರಳಿನಲ್ಲಿ ಒಣಗಿಸಬೇಕು. ಹೂವಿನ ಬಣ್ಣ ಬರೆದ ಚೀಟಿಯನ್ನು ಅಂದೇ ಕಟ್ಟಿ, ಒಣ ಮರಳಿನಲ್ಲಿ ಹೂತಿಡಬೇಕು. ಮೇ ತಿಂಗಳಲ್ಲಿ ಒಂದೊಂದನ್ನೇ ಒತ್ತಿ ನೋಡಿ, ಮೆತ್ತಗಾದುದನ್ನು ಎಸೆದು, ಉಳಿದ ಗೊಂಚಲುಗಳನ್ನು ಪ್ರತಿ ತುಂಡಿಗೂ ಕಣ್ಣು ಬರುವಂತೆ ಬಿಡಿಸಿ, ಒಂದೊಂದು ಬಣ್ಣದ ಒಂದಾದರೂ ಗೆಡ್ಡೆಯನ್ನು ನೆರೆಮನೆಗೆ ಕೊಟ್ಟಿರಬೇಕು. ಮಳೆ ಜೋರಾಗಿ ನಮ್ಮದು ಕೊಳೆತರೆ ಮರುವರ್ಷ ಅಲ್ಲಿಂದ ಕೇಳಿ ತರಬಹುದು.