ಹುಳಕಡ್ಡಿ ಗುಳಿಗೆ ಪ್ರಾಸ್ಟೇಟ್ ಕ್ಯಾನ್ಸರಿಗೆ: ಶುರು ಮಾಡುವ ಮುಂಚೆ ನೋಡಬೇಕಾದದ್ದು

ಹುಳಕಡ್ಡಿಗೆಂದು ಹುಬ್ಬಳ್ಳಿ-ಧಾರವಾಡದ ಔಷಧಿ ಅಂಗಡಿಗಳಲ್ಲಿ ಸಿಗುವ ಇಟ್ರಾಕೊನಜೋಲ್, ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೂ ಆದೀತು ಎಂಬ ಮಾತು ಕಿವಿಗೆ ಬಿದ್ದರೆ ನೇರ ಅಂಗಡಿಗೆ ಹೋಗಬೇಡಿ. ಕ್ಯಾನ್ಸರ್ ತಜ್ಞರು ಬರೆದುಕೊಟ್ಟರೆ ಮಾತ್ರ ಶುರು ಮಾಡಬೇಕು. ಪುರುಷ ಹಾರ್ಮೋನ್ ಇಳಿಸುವ ಇಂಜೆಕ್ಷನ್ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಬಾರದು.

ಹುಳಕಡ್ಡಿ ಗುಳಿಗೆಗಳ ಈ ಕುಟುಂಬದಲ್ಲಿ ಈ ಕ್ಯಾನ್ಸರಿಗೆ ಮೊದಲು ಬಳಕೆಗೆ ಬಂದದ್ದು ಕೀಟೊಕೊನಜೋಲ್. ವೃಷಣ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳಲ್ಲಿ ಈ ಕ್ಯಾನ್ಸರನ್ನು ಬೆಳೆಸುವ ಪುರುಷ ಹಾರ್ಮೋನ್ ತಯಾರಾಗುವುದನ್ನು ಅದು ತಡೆಯುತ್ತದೆ. ದಿನಕ್ಕೆ ಮೂರು ಸಲ 400 ಮಿ.ಗ್ರಾಂ, ಜೊತೆಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಿದ್ದರು. ಲಿವರಿಗೆ ಬೀಳುವ ಪೆಟ್ಟು ದೊಡ್ಡದು. ಅದೇ ದಾರಿಯನ್ನು ಹೆಚ್ಚು ಚೊಕ್ಕವಾಗಿ ಮುಚ್ಚುವ ಅಬಿರಾಟೆರೋನ್ ಎಂಬ ಗುಳಿಗೆಗೆ 2011ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಕೈಗೆಟುಕುವಂತಿದ್ದರೆ ಹಳೆಯ ಗುಳಿಗೆಯ ಹಿಂದೆ ಬೀಳುವುದು ಸರಿಯಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಏನು ಸಿಗುತ್ತದೆ ಎಂದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲೋ ಮೊದಲು ಕೇಳಿ.

ಇಟ್ರಾಕೊನಜೋಲಿನ ದಾರಿ ಬೇರೆ. ಅದು ಹಾರ್ಮೋನ್ ಇಳಿಸುವುದಿಲ್ಲ, ಕೋಶಗಳ ಬೆಳವಣಿಗೆಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಪ್ರಯೋಗದಲ್ಲಿ ದಿನಕ್ಕೆ 600 ಮಿ.ಗ್ರಾಂ ಕೊಟ್ಟಾಗ ಕೆಲವರಲ್ಲಿ ಪಿಎಸ್ಎ (ಪ್ರಾಸ್ಟೇಟ್ ಸ್ಥಿತಿ ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರಿಕೆ ನಿಧಾನವಾಯಿತು. ಆಯುಷ್ಯ ಹೆಚ್ಚುತ್ತದೆ ಎಂದು ಸಾಬೀತಾಗಿಲ್ಲ.

ತಪ್ಪು ಹೆಚ್ಚಾಗಿ ಆಗುವುದು ಊಟದ ಹೊತ್ತಿನಲ್ಲಿ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಹೊಟ್ಟೆ ತುಂಬ ಉಂಡ ಕೂಡಲೇ ನುಂಗಬೇಕು. ಅಬಿರಾಟೆರೋನ್ ಇದಕ್ಕೆ ತದ್ವಿರುದ್ಧ: ಉಂಡು ಎರಡು ತಾಸಾಗಿರಬೇಕು, ನುಂಗಿದ ಮೇಲೆ ಒಂದು ತಾಸು ಏನೂ ತಿನ್ನಬಾರದು. ಅದನ್ನು ರೊಟ್ಟಿ ಊಟದ ಜೊತೆ ತಗೊಂಡರೆ ರಕ್ತದಲ್ಲಿ ಔಷಧದ ಪ್ರಮಾಣ ಹಲವು ಪಟ್ಟು ಏರುತ್ತದೆ. ಇನ್ನು ಬೆಳಿಗ್ಗೆ ಎದ್ದೊಡನೆ ನುಂಗುವ ಗ್ಯಾಸಿನ ಗುಳಿಗೆ, ಪ್ಯಾಂಟೊಪ್ರಜೋಲ್, ಹೊಟ್ಟೆಯ ಹುಳಿ ತಗ್ಗಿಸುವುದರಿಂದ ಇಟ್ರಾಕೊನಜೋಲ್, ಕೀಟೊಕೊನಜೋಲ್ ಎರಡೂ ಮೈಗೆ ಸರಿಯಾಗಿ ಹತ್ತುವುದಿಲ್ಲ. "ಔಷಧ ನಾಟಲಿಲ್ಲ" ಎನ್ನುವ ಮುಂಚೆ ಇದನ್ನು ನೋಡಿ.

ಹೃದಯ ದುರ್ಬಲವಿದ್ದವರಿಗೆ ಇಟ್ರಾಕೊನಜೋಲ್ ಅಪಾಯಕಾರಿ. ಇದರ ಜೊತೆ ತಗೊಂಡರೆ ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್, ನಿದ್ದೆಯ ಆಲ್ಪ್ರಜೋಲಾಮ್, ರಕ್ತ ತೆಳುವಾಗಿಸುವ ವಾರ್ಫರಿನ್ ಇವುಗಳ ಜೋರು ಕೂಡ ಹೆಚ್ಚುತ್ತದೆ. ಹಾಗಾಗಿ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪಟ್ಟಿ ಮಾಡಿ, ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ. ನಾಟಿ ಔಷಧ ಇದ್ದರೆ ಮುಚ್ಚಿಡಬೇಡಿ.

ಶುರುವಿಗೆ ಮುಂಚೆ ಲಿವರ್, ಪೊಟ್ಯಾಸಿಯಂ, ಪಿಎಸ್ಎ ಪರೀಕ್ಷೆ ಆಗಿರಲಿ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮತ್ತೆ ಮಾಡಿಸಿ. ಪಿಎಸ್ಎ ಮಾತ್ರ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ. ಲ್ಯಾಬ್ ಬದಲಾದರೆ ಅಂಕಿಗಳನ್ನು ಸರಿಯಾಗಿ ಹೋಲಿಸಲು ಆಗದು. ಬಿಪಿ ಮನೆಯಲ್ಲೇ ಬರೆದಿಡಿ. ಕಾಲು ಬಾತರೆ, ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಕೊಟ್ಟ ಸ್ಟೀರಾಯ್ಡನ್ನು, ಅಂದರೆ ಹೈಡ್ರೊಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್ ಗುಳಿಗೆಯನ್ನು, ಮಾತ್ರ ಸ್ವಂತ ಬುದ್ಧಿಯಿಂದ ಒಮ್ಮೆಲೇ ಬಿಡಬೇಡಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು.