ಟಚ್‌ಸ್ಕ್ರೀನಿಗೆ ಹೋಗದ ಬಟನ್‌ಗಳು

ನಮ್ಮ ಮಿಲಿಟರಿ ರನ್‌ವೇಗಳನ್ನು ಹೊಸದಾಗಿಸುವ ಯೋಜನೆಗೆ ಮಾಫಿ ಎಂದು ಹೆಸರು. ಮೊದಲ ಹಂತದಲ್ಲಿ ವಾಯುಪಡೆಯ 30 ನೆಲೆಗಳಾದವು. 2020ರ ಮೇ ತಿಂಗಳಲ್ಲಿ ಸಹಿಯಾದ ಎರಡನೇ ಹಂತದಲ್ಲಿ ನೌಕಾಪಡೆ, ಕೋಸ್ಟ್ ಗಾರ್ಡ್ ನೆಲೆಗಳೂ ಸೇರಿ 37. ರೇಡಿಯೋ ಸಂಕೇತದಿಂದ ವಿಮಾನಕ್ಕೆ ರನ್‌ವೇ ದಾರಿ ತೋರಿಸುವ ಹೊಸ ಐಎಲ್‌ಎಸ್, ಹೊಸ ದೀಪಗಳು, ಅವನ್ನೆಲ್ಲ ಕಂಟ್ರೋಲ್ ಟವರಿನಿಂದಲೇ ನಡೆಸುವ ವ್ಯವಸ್ಥೆ ಇದರಲ್ಲಿ ಸೇರಿವೆ. ಉತ್ತರದ ಒಂದು ಫೈಟರ್ ನೆಲೆಯಲ್ಲಿ ದೀಪ ಮತ್ತು ಟವರ್ ಕಡೆಯ ಕೆಲಸ ನನ್ನದಾಗಿತ್ತು.

ರನ್‌ವೇ ದೀಪಗಳ ವೈರಿಂಗ್ ಮನೆಯದರಂತಲ್ಲ. ಇಲ್ಲಿ ಎಲ್ಲವೂ ಸೀರೀಸ್, ಅಂದರೆ ಒಂದೇ ಕೇಬಲ್ ಸುತ್ತಿನಲ್ಲಿ ಒಂದರ ಹಿಂದೊಂದು ದೀಪ. ರೆಗ್ಯುಲೇಟರ್ ಪೂರ್ತಿ ಬೆಳಕಿಗೆ 6.6 ಆಂಪ್ಸ್ ಕರೆಂಟನ್ನು ಒಂದೇ ಸಮ ಕಳಿಸುತ್ತದೆ. ಹಾಗಾಗಿ ಕೇಬಲ್ ಎಷ್ಟೇ ಉದ್ದವಿದ್ದರೂ ಕೊನೆಯ ದೀಪ ಮಂಕಾಗುವುದಿಲ್ಲ. ಪ್ರತಿ ದೀಪಕ್ಕೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಒಂದು ಬಲ್ಬ್ ಹೋದರೂ ಉಳಿದವು ಉರಿಯುತ್ತಲೇ ಇರುತ್ತವೆ. ಚಳಿಗಾಲದ ಮಂಜಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಐಎಲ್‌ಎಸ್‌ನ ಕ್ಯಾಟ್-2 ಮಟ್ಟ ಅಂದರೆ ಪೈಲಟ್ 100 ಅಡಿಯವರೆಗೂ ಏನೂ ಕಾಣದೆಯೇ ಇಳಿದು ಬರಬಹುದು. ಅಲ್ಲಿಗೆ ಬಂದಾಗ ಅವನಿಗೆ ದೀಪ ಕಾಣಲೇಬೇಕು, ಇಲ್ಲದಿದ್ದರೆ ವಾಪಸ್ ಮೇಲಕ್ಕೆ.

ನಿಜವಾದ ತಲೆನೋವು ಇದ್ದದ್ದು ಟವರಿನೊಳಗೆ. ಡ್ರಾಯಿಂಗ್ ಮಾಡುವವರಿಗೆ ಎಲ್ಲವನ್ನೂ ಒಂದೇ ಟಚ್‌ಸ್ಕ್ರೀನಿಗೆ ತುಂಬುವ ಆಸೆ. ನೋಡಲು ಚೆಂದ, ಅಲ್ವಾ? ಟವರಿನಲ್ಲಿ ಕೂತು ವಿಮಾನಗಳ ಓಡಾಟ ನಿಯಂತ್ರಿಸುವ ಡ್ಯೂಟಿ ಎಟಿಸಿ ಆಫೀಸರ್‌ಗಳು ಒಪ್ಪಲಿಲ್ಲ. ಅವರ ಮಾತು ನ್ಯಾಯವಾಗಿತ್ತು. ಫೈಟರ್ ನೆಲೆಯ ರನ್‌ವೇ ತುದಿಯಲ್ಲಿ ಅರೆಸ್ಟರ್ ಬ್ಯಾರಿಯರ್ ಎಂಬ ದೊಡ್ಡ ನೈಲಾನ್ ಬಲೆ ಇರುತ್ತದೆ. ಬ್ರೇಕ್ ಹಿಡಿಯದೆ ವಿಮಾನ ಓಡುತ್ತಿದ್ದರೆ ಅದನ್ನು ತಡೆಯಲು ಟವರಿನಿಂದಲೇ ಆ ಬಲೆ ಎಬ್ಬಿಸಬೇಕು. ಇರುವುದು ಕೆಲವೇ ಸೆಕೆಂಡು. ಆಗ ಆಫೀಸರ್ ಕಣ್ಣು ವಿಮಾನದ ಮೇಲಿರುತ್ತದೆ, ಸ್ಕ್ರೀನಿನಲ್ಲಿ ಪೇಜ್ ಹುಡುಕುತ್ತಾ ಕೂರಲು ಆಗುವುದಿಲ್ಲ. ಕೊನೆಗೆ ಬ್ಯಾರಿಯರ್ ಮತ್ತು ಅಪಘಾತವಾದಾಗ ಬಾರಿಸುವ ಕ್ರ್ಯಾಶ್ ಬೆಲ್ ಎರಡಕ್ಕೂ ಮುಚ್ಚಳವಿರುವ ಗಟ್ಟಿ ಬಟನ್ ಕೊಟ್ಟೆವು, ಹಳೆಯ ಕನ್ಸೋಲಿನಲ್ಲಿ ಎಲ್ಲಿದ್ದವೋ ಅದೇ ಬದಿಯಲ್ಲಿ. ಅಭ್ಯಾಸವಾದ ಕೈಯನ್ನು ಸುಮ್ನೆ ಗಲಿಬಿಲಿ ಮಾಡಬಾರದು. ದೀಪದ ಬೆಳಕು ಏರಿಸುವುದು, ಇಳಿಸುವುದು, ಐಎಲ್‌ಎಸ್ ಸ್ಥಿತಿ ನೋಡುವುದು ಸ್ಕ್ರೀನಿಗೆ ಹೋದವು. ಅವಕ್ಕೆ ಅದೇ ಸರಿ.

ಹಾರಾಟ ನಿಲ್ಲಿಸುವಂತಿರಲಿಲ್ಲ. ಹಳೆಯದು ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಓಡಿಸಿ, ಹಾರಾಟ ಇಲ್ಲದ ಹೊತ್ತಿನಲ್ಲಿ ಒಂದೊಂದೇ ಸರ್ಕ್ಯೂಟ್ ಬದಲಿಸಿದೆವು. ರಾತ್ರಿ ಇನ್ನೊಂದು ಕಾಟ. ಟವರಿನ ಗಾಜು ಹೊರಕ್ಕೆ ವಾಲಿರುವುದೇ ಪ್ರತಿಬಿಂಬ ಕಣ್ಣಿಗೆ ಬರದಿರಲಿ ಎಂದು. ಆದರೂ ಸ್ಕ್ರೀನಿನ ಬೆಳಕು ಜಾಸ್ತಿ ಇದ್ದರೆ ಹೊರಗಿನ ಕತ್ತಲೆಗೆ ಕಣ್ಣು ಒಗ್ಗುವುದಿಲ್ಲ. ಅದಕ್ಕೇ ಸ್ಕ್ರೀನನ್ನು ತೀರಾ ಮಂಕಾಗಿಸಲು ಬರಬೇಕು. ಹೊಸ ಸ್ಕ್ರೀನ್ ಖರೀದಿಸುವವರು ಮೊದಲು ಕೇಳಬೇಕಾದ್ದು ಇದನ್ನೇ.

ಸೂರಿಗೆ ನೇತುಹಾಕಿದ್ದ ಸಿಗ್ನಲ್ ಲ್ಯಾಂಪನ್ನು ಯಾರೂ ತೆಗೆಯಲಿಲ್ಲ. ರೇಡಿಯೋ ಕೆಟ್ಟ ವಿಮಾನಕ್ಕೆ ಇಳಿಯಲು ಅನುಮತಿ ಸಿಗುವುದು ಇವತ್ತಿಗೂ ಅದರ ಹಸಿರು ಬೆಳಕಿನಿಂದ. ಅದಕ್ಕೊಂದು ಪ್ಲಗ್ ಪಾಯಿಂಟನ್ನು ಯುಪಿಎಸ್ ಲೈನಿನಿಂದಲೇ ಕೊಟ್ಟೆವು.