ಸುಪ್ರೀಂ ಕೋರ್ಟ್ ಹುಟ್ಟಿದ್ದು ಹೇಗೆ? ಸಂವಿಧಾನ ತೆರೆದು ನೀವೇ ಹುಡುಕಿ

ಜಡ್ಜ್‌ಗಳ ನೇಮಕದ ಬಗ್ಗೆ ಜಗಳ ಎದ್ದಾಗಲೆಲ್ಲ ಎರಡೂ ಕಡೆಯವರು ಸಂವಿಧಾನದ ಹೆಸರನ್ನೇ ಹೇಳುತ್ತಾರೆ, ಅಲ್ವಾ? ಅವರಿವರು ಹೇಳಿದ್ದನ್ನು ಸುಮ್ನೆ ನಂಬುವ ಬದಲು ನಾವೇ ತೆಗೆದು ಓದಬಹುದು. ಅದಕ್ಕೆ ಲಾ ಓದಿರಬೇಕಿಲ್ಲ. ಸಂವಿಧಾನ ಕನ್ನಡದಲ್ಲೂ ಸಿಗುತ್ತದೆ.

ಮೊದಲು 124ನೇ ವಿಧಿ ತೆಗೆಯಿರಿ. ಅಲ್ಲಿಂದ 147ರವರೆಗೆ ಸುಪ್ರೀಂ ಕೋರ್ಟ್‌ನದ್ದೇ ಅಧ್ಯಾಯ. ಮುಖ್ಯ ನ್ಯಾಯಮೂರ್ತಿ ಬಿಟ್ಟು ಹೆಚ್ಚೆಂದರೆ ಏಳು ಜಡ್ಜ್‌ಗಳು ಅಂತ ಇವತ್ತಿಗೂ ಅಚ್ಚಾಗಿರುವುದನ್ನು ನೋಡಿ ಗಾಬರಿಯಾಗಬೇಡಿ. ಸಂಸತ್ತು ಕಾನೂನು ಮಾಡಿ ಸಂಖ್ಯೆ ಹೆಚ್ಚಿಸಬಹುದು ಅಂತ ಅದೇ ವಾಕ್ಯದಲ್ಲಿದೆ. 2019ರಲ್ಲಿ ಒಟ್ಟು ಸಂಖ್ಯೆ 34ಕ್ಕೆ ಏರಿದ್ದು ಹಾಗೆಯೇ, ಸಂವಿಧಾನ ತಿದ್ದುಪಡಿ ಬೇಕಾಗಲಿಲ್ಲ. ಅಡಿಟಿಪ್ಪಣಿ ಮಾತ್ರ ಬಿಡಬೇಡಿ. 124ಎ ಓದಿ ನೇಮಕಕ್ಕೆ ಒಂದು ಆಯೋಗ ಇದೆ ಅಂದುಕೊಳ್ಳುವವರು ಇದ್ದಾರೆ, ಆದರೆ ಅದನ್ನು ತಂದ ತಿದ್ದುಪಡಿಯನ್ನು 2015ರಲ್ಲೇ ಕೋರ್ಟ್ ರದ್ದು ಮಾಡಿತು.

ಆಮೇಲೆ ನೇರ 374ಕ್ಕೆ ಹೋಗಿ. ಇದನ್ನು ಓದುವವರು ಕಡಿಮೆ, ಆದರೆ ಬೇರು ಸಿಗುವುದು ಇಲ್ಲೇ. ಫೆಡರಲ್ ಕೋರ್ಟ್‌ನ ಜಡ್ಜ್‌ಗಳೇ ಸುಪ್ರೀಂ ಕೋರ್ಟ್ ಜಡ್ಜ್‌ಗಳಾಗುತ್ತಾರೆ, ಅಲ್ಲಿ ಬಾಕಿ ಇದ್ದ ಕೇಸುಗಳೂ ಇಲ್ಲಿಗೆ ಬರುತ್ತವೆ ಅಂತ ಅದರಲ್ಲಿದೆ. ಆ ಫೆಡರಲ್ ಕೋರ್ಟ್ ಶುರುವಾಗಿದ್ದು 1937ರಲ್ಲಿ, ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯಡಿ. ಆ ಕಾಯ್ದೆಯ 204 ಮತ್ತು 213ನೇ ಸೆಕ್ಷನ್‌ಗಳನ್ನು ನಮ್ಮ 131 (ಕೇಂದ್ರ-ರಾಜ್ಯಗಳ ಜಗಳ ನೇರ ಸುಪ್ರೀಂ ಕೋರ್ಟ್‌ಗೆ) ಮತ್ತು 143ನೇ (ರಾಷ್ಟ್ರಪತಿ ಕೋರ್ಟ್‌ನ ಸಲಹೆ ಕೇಳುವುದು) ವಿಧಿಗಳ ಪಕ್ಕ ಇಟ್ಟು ನೋಡಿ, ನಂಟು ಕಣ್ಣಿಗೇ ಕಾಣುತ್ತದೆ. ಆದರೆ ಆ ಕೋರ್ಟ್‌ನ ಮೇಲೆ ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಇತ್ತು. ಆ ಕೊಂಡಿ ಕಳಚಿದ್ದು 1949ರ ಅಕ್ಟೋಬರ್‌ನಲ್ಲಿ.

ಈಗ ಸಂವಿಧಾನ ಸಭೆಯ ಚರ್ಚೆಗಳು. ಇವು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ, ಯಾಕೆಂದರೆ ಕರಡಿನ ನಂಬರ್‌ಗಳೇ ಬೇರೆ. 124 ಅಂತ ಹುಡುಕಿದರೆ ಬೇರೇನೋ ಬರುತ್ತದೆ. ಕರಡಿನಲ್ಲಿ ಅದು 103. ತಾರೀಖು ಹಿಡಿದು ಹುಡುಕುವುದು ಸುಲಭ: 1949ರ ಮೇ 24.

ಆ ದಿನದ ಚರ್ಚೆಯನ್ನು ನಿಧಾನವಾಗಿ ಓದಿ. ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಇಲ್ಲದೆ ನೇಮಕ ಆಗಬಾರದು ಅಂತ ಸಭೆಯ ಸದಸ್ಯ ಪೋಕರ್ ಸಾಹೇಬರು ತಿದ್ದುಪಡಿ ತರುತ್ತಾರೆ. ಅಂಬೇಡ್ಕರ್ ಒಪ್ಪುವುದಿಲ್ಲ. ಇಂಗ್ಲೆಂಡಿನ ಹಾಗೆ ಸರ್ಕಾರಕ್ಕೇ ಪೂರ್ತಿ ಬಿಡುವುದೂ ಬೇಡ, ಅಮೆರಿಕದ ಹಾಗೆ ಶಾಸಕಾಂಗದ ಕೈಗೆ ಕೊಡುವುದೂ ಬೇಡ ಅನ್ನುವುದು ಅವರ ನಿಲುವು. ಮುಖ್ಯ ನ್ಯಾಯಮೂರ್ತಿ ಎಷ್ಟೇ ದೊಡ್ಡವರಾದರೂ ನಮ್ಮ ಹಾಗೇ ದೌರ್ಬಲ್ಯ, ಪೂರ್ವಗ್ರಹ ಇರುವ ಮನುಷ್ಯರು, ಅವರೊಬ್ಬರ ಕೈಗೆ ವೀಟೋ ಕೊಡುವುದು ಅಪಾಯ ಅಂತ ವಾದಿಸುತ್ತಾರೆ. ಹಾಗಾಗಿ ನೇಮಕಕ್ಕೆ ಮುಂಚೆ ರಾಷ್ಟ್ರಪತಿ ಮುಖ್ಯ ನ್ಯಾಯಮೂರ್ತಿಯ ಜೊತೆ ಸಮಾಲೋಚನೆ ಮಾಡಬೇಕು ಅನ್ನುವುದಷ್ಟೇ ಉಳಿಯಿತು, ಒಪ್ಪಿಗೆ ಬೇಕು ಅನ್ನುವುದು ಬರಲಿಲ್ಲ. ಕೊಲಿಜಿಯಂಗೆ, ಅಂದರೆ ಹಿರಿಯ ಜಡ್ಜ್‌ಗಳೇ ನೇಮಕಕ್ಕೆ ಹೆಸರು ಶಿಫಾರಸು ಮಾಡುವ ಪದ್ಧತಿಗೆ, ದಾರಿ ಮಾಡಿದ ಸುಪ್ರೀಂ ಕೋರ್ಟ್‌ನ 1993ರ ತೀರ್ಪು ಇದೇ ಸಮಾಲೋಚನೆಗೆ ಬೇರೆಯೇ ಅರ್ಥ ಕೊಟ್ಟಿತು. ಯಾವ ಪಕ್ಷ ಹಿಡಿದರೂ ಸರಿ, ಈ ಪುಟಗಳನ್ನು ಓದದೆ ವಾದಕ್ಕಿಳಿಯಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ 1947ರಲ್ಲಿ ಸುಪ್ರೀಂ ಕೋರ್ಟ್ ಬಗ್ಗೆ ವರದಿ ಕೊಟ್ಟ ಸಮಿತಿಯನ್ನು ಹುಡುಕಿ. ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಅದರಲ್ಲಿದ್ದರು. ನಮ್ಮವರ ಹೆಸರು ಇಲ್ಲಿದೆ ಅಂತ ಎಷ್ಟೋ ಕನ್ನಡಿಗರಿಗೆ ಗೊತ್ತೇ ಇಲ್ಲ.

ಕೊನೆಗೆ 32ನೇ ವಿಧಿ. ಇದು ಮೂರನೇ ಭಾಗದಲ್ಲಿದೆ, ಕೋರ್ಟ್‌ನ ಅಧ್ಯಾಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕರಡಿನಲ್ಲಿ ಇದು 25, ಚರ್ಚೆಯ ದಿನ 1948ರ ಡಿಸೆಂಬರ್ 9. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಯಾರು ಬೇಕಾದರೂ ನೇರ ಸುಪ್ರೀಂ ಕೋರ್ಟ್‌ಗೆ ಹೋಗಬಹುದು ಅನ್ನುವುದು ಬಂದದ್ದು ಇಲ್ಲಿಂದಲೇ.